ರ‍್ಯಾಂಕ್ ಪಟ್ಟಿಯಲ್ಲಿ ಇಲ್ಲದ ಕಾಲಮ್

ಪ್ರತಿ ವರ್ಷ ಜೂನ್ ತಿಂಗಳ ಆಸುಪಾಸಿನಲ್ಲಿ ಒಂದು ಸುದ್ದಿ ತಪ್ಪದೇ ಬರುತ್ತೆ. ಹೆಣ್ಣು-ಗಂಡಿನ ಅಂತರದ ಜಾಗತಿಕ ಪಟ್ಟಿಯಲ್ಲಿ ಭಾರತಕ್ಕೆ ಇಷ್ಟನೇ ಸ್ಥಾನ. 2023ರಲ್ಲಿ 127, 2024ರಲ್ಲಿ 129, 2025ರಲ್ಲಿ 148 ದೇಶಗಳ ಪೈಕಿ 131. ಸುದ್ದಿ ಬಂದ ಕೂಡಲೇ ಒಂದು ಗುಂಪು "ನೋಡಿ ನಮ್ಮ ದೇಶದ ಗತಿ" ಅಂತ ಶೇರ್ ಮಾಡುತ್ತೆ. ಇನ್ನೊಂದು ಗುಂಪು "ದಾವೋಸ್‌ನಲ್ಲಿ ಸೂಟು ಹಾಕ್ಕೊಂಡು ಕೂತವರು ಮಾಡಿದ ಪಟ್ಟಿ, ಬಿಡ್ರೀ" ಅಂತ ಕಮೆಂಟ್ ಹಾಕುತ್ತೆ. ಮೂರನೇ ದಿನಕ್ಕೆ ಎರಡೂ ಗುಂಪಿನವರು ಬೇರೆ ಸುದ್ದಿಗೆ ಹೋಗಿರ್ತಾರೆ. ವರದಿಯನ್ನ ತೆರೆದು, ಲೆಕ್ಕ ಹೇಗೆ ಮಾಡಿದ್ದಾರೆ ಅಂತ ನೋಡೋರು ಎರಡೂ ಕಡೆ ಕಡಿಮೆ.

ವಿಶ್ವ ಆರ್ಥಿಕ ವೇದಿಕೆ 2006ರಿಂದ ತರ್ತಿರೋ ಈ ವರದಿಯನ್ನ ನಾವು ಪುಸ್ತಕ ವಿಮರ್ಶೆ ಮಾಡೋ ಹಾಗೆ ಓದಬೇಕು ಅನ್ನೋದು ನನ್ನ ವಾದ. ಯಾಕಂದ್ರೆ "ಜಗತ್ತು ಮುಂದೆ ಹೋಯ್ತಾ, ಹಿಂದೆ ಹೋಯ್ತಾ" ಅನ್ನೋ ಪ್ರಶ್ನೆಗೆ ಈಗ ಎಲ್ಲರೂ ಉತ್ತರ ಹುಡುಕೋದು ಇದರಲ್ಲೇ. ನನ್ನ ತಕರಾರು ಭಾರತದ ರ‍್ಯಾಂಕ್ ಬಗ್ಗೆ ಅಲ್ಲ, ಕಾಲಮ್‌ಗಳ ಬಗ್ಗೆ. ಈ ವರದಿ ಹೆಂಗಸರು ಎಲ್ಲೆಲ್ಲಿ ಇದ್ದಾರೆ ಅಂತ ಎಣಿಸುತ್ತೆ. ಅಲ್ಲಿ ಯಾರ ಮಾತು ನಡೆಯುತ್ತೆ ಅಂತ ಎಣಿಸಲ್ಲ. ಕಳೆದ ಹದಿನೈದು ವರ್ಷಗಳ ದೊಡ್ಡ ಗೆಲುವು-ಸೋಲುಗಳಲ್ಲಿ ಹೆಚ್ಚಿನವು ಆಗಿರೋದು ಮಾತ್ರ ಆ ಎರಡನೇ ವಿಷಯದಲ್ಲೇ.

ಲೆಕ್ಕ ನಡೆಯೋ ರೀತಿ

ನಾಲ್ಕು ವಿಭಾಗಗಳಿವೆ: ಆರ್ಥಿಕತೆ, ಶಿಕ್ಷಣ, ಆರೋಗ್ಯ, ರಾಜಕೀಯ. ಅವುಗಳ ಒಳಗೆ ಒಟ್ಟು 14 ಸೂಚಕಗಳು. ಸ್ಥೂಲವಾಗಿ ಹೇಳೋದಾದರೆ, ಪ್ರತಿ ಸೂಚಕದಲ್ಲೂ ಹೆಂಗಸರ ಅಂಕಿಯನ್ನ ಗಂಡಸರ ಅಂಕಿಯಿಂದ ಭಾಗಿಸ್ತಾರೆ. 1 ಬಂದರೆ ಸಮಾನತೆ, 0 ಬಂದರೆ ಏನೂ ಇಲ್ಲ. ವಿಭಾಗದೊಳಗೆ ಒಂದೊಂದು ಸೂಚಕಕ್ಕೆ ಒಂದೊಂದು ತೂಕ. ಕೊನೆಗೆ ನಾಲ್ಕೂ ವಿಭಾಗಗಳ ಸರಳ ಸರಾಸರಿ. ಎಕ್ಸೆಲ್ ಗೊತ್ತಿರೋ ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಮತ್ತೆ ಮಾಡಿ ನೋಡಬಹುದಾದ ಲೆಕ್ಕ.

ವರದಿ ತನ್ನ ನಿಯಮಗಳನ್ನ ಮುಚ್ಚಿಡಲ್ಲ, ಅದು ಅದರ ಒಳ್ಳೆ ಗುಣ. ಮೊದಲ ನಿಯಮ: ಮಟ್ಟವನ್ನಲ್ಲ, ಅಂತರವನ್ನ ಅಳೆಯೋದು. ಹತ್ತು ಹುಡುಗರಲ್ಲಿ ಐದು ಜನ, ಹತ್ತು ಹುಡುಗಿಯರಲ್ಲಿ ಐದು ಜನ ಶಾಲೆಗೆ ಹೋದರೆ ಪೂರ್ತಿ ಅಂಕ. ಬಡ ದೇಶವನ್ನ ಬಡತನಕ್ಕಾಗಿ ಫೇಲ್ ಮಾಡಲ್ಲ. ಇದು ನ್ಯಾಯವೇ. ಎರಡನೇ ನಿಯಮ: ಕಾನೂನು, ಹಕ್ಕು, ಸಂಪ್ರದಾಯ, ನೀತಿ ಇವೆಲ್ಲ ಇನ್‌ಪುಟ್, ನಾವು ನೋಡೋದು ಔಟ್‌ಪುಟ್ ಮಾತ್ರ.

ನಮ್ಮ ವೃತ್ತಿಯವರ ಕಿವಿಗೆ ಈ ಎರಡನೇ ನಿಯಮ ಇಂಪಾಗಿ ಕೇಳುತ್ತೆ. ಕೋಡ್ ಹೇಗಾದರೂ ಬರಿ, ಟೆಸ್ಟ್ ಪಾಸ್ ಆಯ್ತಾ ಹೇಳು. ಆದರೆ ಯಾವ ಟೆಸ್ಟ್ ಬರೆದಿದ್ದೀವಿ ಅನ್ನೋದರ ಮೇಲೇ ಎಲ್ಲ ನಿಂತಿರುತ್ತೆ ಅಲ್ವಾ? ಟೆಸ್ಟೇ ಬರೆಯದ ಜಾಗದಲ್ಲಿ ಸಾಫ್ಟ್‌ವೇರ್ ಕುಸಿದು ಬಿದ್ದರೂ ಡ್ಯಾಶ್‌ಬೋರ್ಡ್ ಹಸಿರಾಗೇ ಇರುತ್ತೆ.

ಐದನೇ ಸ್ಥಾನದ ದೇಶದಲ್ಲಿ

2012ರ ಪಟ್ಟಿ ನೋಡಿ. ಐಸ್‌ಲ್ಯಾಂಡ್, ಫಿನ್‌ಲ್ಯಾಂಡ್, ನಾರ್ವೆ, ಸ್ವೀಡನ್, ಐದನೆಯದು ಐರ್ಲೆಂಡ್. ಭಾರತ 135 ದೇಶಗಳಲ್ಲಿ 105.

ಆ ಪಟ್ಟಿ ಬಂದ ಅದೇ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೆಯಲ್ಲಿ ಸವಿತಾ ಹಾಲಪ್ಪನವರ್ ಆಸ್ಪತ್ರೆ ಸೇರಿದರು. ಬೆಳಗಾವಿಯ ಮನೆಮಗಳು, ದಂತವೈದ್ಯೆ, 31 ವರ್ಷ, 17 ವಾರದ ಗರ್ಭಿಣಿ. ಗರ್ಭ ಉಳಿಯಲ್ಲ ಅನ್ನೋದು ವೈದ್ಯರಿಗೂ ಸ್ಪಷ್ಟವಾಗಿತ್ತು. ಹಾಗಾದರೆ ಗರ್ಭಪಾತ ಮಾಡಿ ಮುಗಿಸಿಬಿಡಿ ಅಂತ ಸವಿತಾ ಕೇಳಿದರು. ಭ್ರೂಣದ ಹೃದಯ ಬಡಿತ ಇನ್ನೂ ಇದೆ, ಅದಿರೋವರೆಗೆ ಆಗಲ್ಲ ಅಂತ ಉತ್ತರ ಬಂತು. ಕಾರಣ 1983ರಲ್ಲಿ ಜನಮತದಿಂದ ಐರ್ಲೆಂಡಿನ ಸಂವಿಧಾನಕ್ಕೆ ಸೇರಿದ 8ನೇ ತಿದ್ದುಪಡಿ. ತಾಯಿಯ ಜೀವಕ್ಕೂ ಹುಟ್ಟದ ಭ್ರೂಣದ ಜೀವಕ್ಕೂ ಅದು ಸಮಾನ ಹಕ್ಕು ಕೊಟ್ಟಿತ್ತು. ಕಾಯ್ತಾ ಕಾಯ್ತಾ ಸೋಂಕು ರಕ್ತಕ್ಕೆ ಹತ್ತಿತು. ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

2013ರ ವಿಚಾರಣೆಯಲ್ಲಿ ಎರಡು ವಿಷಯ ಹೊರಬಂತು. ಸೋಂಕನ್ನ ಸರಿಯಾದ ಸಮಯಕ್ಕೆ ಗುರುತಿಸದ ಆಸ್ಪತ್ರೆಯ ಲೋಪ ಒಂದು. ಮೊದಲ ಎರಡು ದಿನಗಳಲ್ಲೇ ಗರ್ಭಪಾತ ಮಾಡಿದ್ದರೆ ಬಹುಶಃ ಬದುಕುತ್ತಿದ್ದರು, ಆದರೆ ಆಗ ಕಾನೂನು ಅದಕ್ಕೆ ಬಿಡುತ್ತಿರಲಿಲ್ಲ ಅಂತ ಪರಿಣತ ವೈದ್ಯರೊಬ್ಬರು ಹೇಳಿದ್ದು ಇನ್ನೊಂದು. ಭಾರತದಲ್ಲಿ 1971ರ ಕಾಯ್ದೆ ಪ್ರಕಾರವೇ 20 ವಾರದವರೆಗೆ ಇಂಥ ಸಂದರ್ಭದಲ್ಲಿ ಗರ್ಭಪಾತಕ್ಕೆ ಅವಕಾಶ ಇತ್ತು. ಅಂದರೆ 105ನೇ ಸ್ಥಾನದ ದೇಶದ ಕಾನೂನು ಬಿಡುತ್ತಿದ್ದ ಚಿಕಿತ್ಸೆಯನ್ನ 5ನೇ ಸ್ಥಾನದ ದೇಶದ ಕಾನೂನು ತಡೆದಿತ್ತು.

ಐರ್ಲೆಂಡ್ 5ನೇ ಸ್ಥಾನಕ್ಕೆ ಹೋಗಿದ್ದಾದರೂ ಹೇಗೆ? ಒಂದು ಮುಖ್ಯ ಕಾರಣ ರಾಜಕೀಯ ವಿಭಾಗದಲ್ಲಿದೆ. ಅಲ್ಲಿ ಮೂರು ಸೂಚಕ: ಸಂಸತ್ತಿನಲ್ಲಿ ಹೆಂಗಸರು, ಮಂತ್ರಿಗಳಲ್ಲಿ ಹೆಂಗಸರು, ಕಳೆದ 50 ವರ್ಷಗಳಲ್ಲಿ ಎಷ್ಟು ವರ್ಷ ಹೆಂಗಸು ದೇಶದ ಮುಖ್ಯಸ್ಥೆಯಾಗಿದ್ದಳು ಅನ್ನೋದು. ಈ ಮೂರನೆಯದಕ್ಕೆ ನೂರಕ್ಕೆ 44ರಷ್ಟು ತೂಕ. ಐರ್ಲೆಂಡಿನಲ್ಲಿ 1990ರಿಂದ 2011ರವರೆಗೆ ಮೇರಿ ರಾಬಿನ್ಸನ್, ಮೇರಿ ಮೆಕ್‌ಅಲೀಸ್ ಒಬ್ಬರ ಹಿಂದೆ ಒಬ್ಬರು ಅಧ್ಯಕ್ಷರಾಗಿದ್ದರು. ಹತ್ತಿರ ಹತ್ತಿರ 21 ವರ್ಷ. ಆದರೆ ಅಲ್ಲಿನ ಅಧ್ಯಕ್ಷ ಪದವಿ ನಮ್ಮ ರಾಷ್ಟ್ರಪತಿ ಹುದ್ದೆ ಥರ ಬಹುಮಟ್ಟಿಗೆ ಅಲಂಕಾರಿಕ. ನಿಜವಾದ ಅಧಿಕಾರ ಇರೋ ಕೆಳಮನೆಗೆ 2011ರಲ್ಲಿ ಆಯ್ಕೆಯಾದ 166 ಜನರಲ್ಲಿ ಹೆಂಗಸರು 25 ಮಾತ್ರ. ವಿಚಿತ್ರ ಅಂದರೆ, ರಾಬಿನ್ಸನ್ ಅಧ್ಯಕ್ಷೆ ಆಗೋಕೆ ಮುಂಚೆ ವಕೀಲೆಯಾಗಿ, ಸೆನೆಟರ್ ಆಗಿ ಗರ್ಭನಿರೋಧಕಗಳ ಹಕ್ಕಿಗಾಗಿ ಹೋರಾಡಿದವರು, 8ನೇ ತಿದ್ದುಪಡಿಯನ್ನೂ ವಿರೋಧಿಸಿದವರು. ಆ ಹೋರಾಟಕ್ಕೆ ಪಟ್ಟಿಯಲ್ಲಿ ಅಂಕ ಇಲ್ಲ. ಕಾನೂನು ಮಾಡೋ ಅಧಿಕಾರ ಇಲ್ಲದ ಕುರ್ಚಿಯಲ್ಲಿ ಕೂತ ಏಳು ವರ್ಷಕ್ಕೆ ಅಂಕ ಇದೆ.

ಕತೆ ಇಲ್ಲಿಗೆ ಮುಗಿಯಲ್ಲ. ಸವಿತಾ ಸಾವು ಐರ್ಲೆಂಡನ್ನ ಅಲ್ಲಾಡಿಸಿತು. 2018ರ ಮೇ 25ರಂದು ಜನಮತ ನಡೀತು. ಬೆಳಗಾವಿಯಿಂದ ಅವರ ತಂದೆ ಐರ್ಲೆಂಡಿನ ಜನರಿಗೆ ಮನವಿ ಮಾಡಿದರು. ಬೇರೆ ದೇಶಗಳಲ್ಲಿದ್ದ ಐರಿಷ್ ಯುವಕ ಯುವತಿಯರು ವಿಮಾನ ಹತ್ತಿ ಬಂದು ಓಟು ಹಾಕಿದರು. 8ನೇ ತಿದ್ದುಪಡಿ ರದ್ದಾಗಲಿ ಅಂದವರು ಶೇ 66.4. ಆ ದೇಶದ ಹೆಂಗಸರ ಬದುಕಿನಲ್ಲಿ ಒಂದು ತಲೆಮಾರಿನ ಅತಿ ದೊಡ್ಡ ಗೆಲುವು ಅದು. ಪಟ್ಟಿಯಲ್ಲಿ ಏನಾಯ್ತು ಗೊತ್ತಾ? 2017ರಲ್ಲಿ ಐರ್ಲೆಂಡ್ 8ನೇ ಸ್ಥಾನದಲ್ಲಿತ್ತು, 2018ರಲ್ಲಿ 9ಕ್ಕೆ ಇಳಿಯಿತು.

ಸೋಲಿದ್ದಾಗ ಮೇಲಿತ್ತು, ಗೆದ್ದಾಗ ಒಂದು ಮೆಟ್ಟಿಲು ಕೆಳಗಿಳಿದಿತ್ತು. ಇದರಲ್ಲಿ ಲೆಕ್ಕದ ತಪ್ಪೇನೂ ಇಲ್ಲ. ಎರಡಕ್ಕೂ ಅಲ್ಲಿ ಕಾಲಮ್ಮೇ ಇಲ್ಲ.

ಇದೊಂದೇ ಉದಾಹರಣೆಯಲ್ಲ

ನಿಕರಾಗುವಾ ದೇಶ 2006ರಲ್ಲಿ ಗರ್ಭಪಾತವನ್ನ ಸಂಪೂರ್ಣ ನಿಷೇಧಿಸಿತು. ತಾಯಿಯ ಜೀವಕ್ಕೆ ಅಪಾಯ ಇದ್ದರೂ ಇಲ್ಲ, ಅತ್ಯಾಚಾರ ಆಗಿದ್ದರೂ ಇಲ್ಲ. 2024ರ ಪಟ್ಟಿಯಲ್ಲಿ ಅದು 6ನೇ ಸ್ಥಾನದಲ್ಲಿತ್ತು, ಜರ್ಮನಿಗಿಂತ ಮೇಲೆ. 2020ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಸಾಂವಿಧಾನಿಕ ನ್ಯಾಯಮಂಡಳಿ ಅಲ್ಲಿನ ಗರ್ಭಪಾತದ ಕಾನೂನನ್ನ ಇನ್ನಷ್ಟು ಬಿಗಿ ಮಾಡಿತು. ಅದೇ ಡಿಸೆಂಬರ್ 30ರಂದು ಅರ್ಜೆಂಟೀನಾದ ಸೆನೆಟ್ ಗರ್ಭಪಾತವನ್ನ ಕಾನೂನುಬದ್ಧ ಮಾಡಿತು. ಒಂದೇ ವರ್ಷದಲ್ಲಿ ಒಂದು ಕಡೆ ಹಿಂದಕ್ಕೆ, ಇನ್ನೊಂದು ಕಡೆ ಮುಂದಕ್ಕೆ. 2022ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್, ಸುಮಾರು ಅರ್ಧ ಶತಮಾನದಿಂದ ಇದ್ದ ಹಕ್ಕನ್ನ ಕಿತ್ತುಹಾಕಿತು. ಕೆಲವೇ ವಾರಗಳಲ್ಲಿ ಬಂದ ಪಟ್ಟಿಯಲ್ಲಿ ಅಮೆರಿಕ 30ನೇ ಸ್ಥಾನದಿಂದ 27ಕ್ಕೆ ಏರಿತ್ತು. ಪಟ್ಟಿಯ ಅಂಕಿಗಳು ತೀರ್ಪಿಗಿಂತ ಹಳೆಯವು, ಒಪ್ಪೋಣ. ಆದರೆ ಆಮೇಲಿನ ಯಾವ ವರ್ಷದ ಅಂಕಿಯಲ್ಲೂ ಆ ತೀರ್ಪು ಕಾಣೋಕೆ ಸಾಧ್ಯವಿಲ್ಲ. ಹೆರಿಗೆ ಸಮಯದಲ್ಲಿ ಸಾಯೋ ತಾಯಂದಿರ ಪ್ರಮಾಣ ಕೂಡ ಅಂಕಕ್ಕೆ ಸೇರೋ ಆ 14 ಸೂಚಕಗಳಲ್ಲಿಲ್ಲ. ಹೆಂಗಸರ ಮೇಲಿನ ಹಿಂಸೆಯೂ ಇಲ್ಲ.

ಅಫ್ಘಾನಿಸ್ತಾನದ್ದು ಇದಕ್ಕಿಂತ ಕಠೋರ. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂತು. ಹೆಣ್ಣುಮಕ್ಕಳಿಗೆ ಮೊದಲು ಹೈಸ್ಕೂಲು ಮುಚ್ಚಿತು, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯ ಮುಚ್ಚಿತು. 2024ರ ಆಗಸ್ಟ್‌ನಲ್ಲಿ ಬಂದ ಕಾನೂನು, ಮನೆಯಾಚೆ ಹೆಂಗಸರ ದನಿಯೂ ಕೇಳಬಾರದು ಅಂದಿತು. 2022 ಮತ್ತು 2023ರ ಪಟ್ಟಿಗಳಲ್ಲಿ 146 ದೇಶಗಳಲ್ಲಿ ಅಫ್ಘಾನಿಸ್ತಾನ 146ನೆಯದು. 2024ರಲ್ಲಿ? ಪಟ್ಟಿಯಲ್ಲೇ ಇಲ್ಲ. ಅವತ್ತು ಕೊನೆಯ ಸ್ಥಾನ ಸುಡಾನ್‌ಗೆ. 2025ರಲ್ಲೂ ಅಫ್ಘಾನಿಸ್ತಾನ ಇಲ್ಲ, ಕೊನೆಯ ಸ್ಥಾನ ಪಾಕಿಸ್ತಾನಕ್ಕೆ.

ಡೇಟಾ ಜೊತೆ ಕೆಲಸ ಮಾಡೋರಿಗೆ ಇದು ಗೊತ್ತಿರೋ ಸಮಸ್ಯೆ. ಸಾಕಷ್ಟು ಅಂಕಿ ಇಲ್ಲದ ಸಾಲನ್ನ ಟೇಬಲ್‌ನಿಂದ ಬಿಡೋದು ತಾಂತ್ರಿಕವಾಗಿ ಸರಿ. ಆದರೆ ಇಲ್ಲಿ ಹಿಂದಿರೋ ಸತ್ಯ ನೋಡಿ. ಹೆಂಗಸರನ್ನ ಶಾಲೆಯಿಂದ, ಕಚೇರಿಯಿಂದ, ಬೀದಿಯಿಂದ ಅಳಿಸಿಹಾಕಿದ ದೇಶದಲ್ಲಿ ಎಣಿಸೋಕೆ ಏನೂ ಉಳಿಯಲ್ಲ. ಒಂದು ಮಿತಿ ದಾಟಿದ ಮೇಲೆ ಹಿನ್ನಡೆ ಕೆಟ್ಟ ಅಂಕವಾಗಿ ಕಾಣೋದಿಲ್ಲ, ಕಾಣೋದನ್ನೇ ನಿಲ್ಲಿಸುತ್ತೆ. ಸರ್ವರ್ ಪೂರ್ತಿ ಸತ್ತಾಗ ಎರರ್ ಲಾಗ್ ಕೂಡ ಬರಲ್ಲವಲ್ಲ, ಹಾಗೆ. ಅಂಥ ದೇಶವನ್ನ ಪಟ್ಟಿಯಿಂದ ತೆಗೆಯೋ ಬದಲು ಪಟ್ಟಿಯ ಮೊದಲ ಪುಟದಲ್ಲಿ, ಸಂಖ್ಯೆಯೇ ಇಲ್ಲದೆ, ಹೆಸರಷ್ಟೇ ಬರೆದು ಇಡಬೇಕಿತ್ತು.

ಪಕ್ಕದ ಬಾಂಗ್ಲಾದೇಶದ್ದು ಬೇರೆ ಥರದ ಕತೆ. 2023ರಲ್ಲಿ 59, 2024ರಲ್ಲಿ 99, 2025ರಲ್ಲಿ 24. ಒಂದು ದೇಶದ ಹೆಂಗಸರ ಬದುಕು ಎರಡು ವರ್ಷದಲ್ಲಿ ಹೀಗೆ ತೂಗುಯ್ಯಾಲೆ ಆಡುತ್ತಾ? ಯಾವುದೇ ಗ್ರಾಫ್ ಹೀಗೆ ಕುಣಿದರೆ ನಾವು ಮೊದಲು ಅನುಮಾನ ಪಡೋದು ಅಳೆಯೋ ಸಾಧನದ ಮೇಲೆ. 1991ರಿಂದ 2024ರವರೆಗೆ ಬಹುಪಾಲು ಖಾಲಿದಾ ಜಿಯಾ, ಶೇಖ್ ಹಸೀನಾ ಇಬ್ಬರೇ ಆಳಿದ್ದರಿಂದ, ಆ 44ರ ತೂಕದ ಕಾಲಮ್‌ನಲ್ಲಿ ಬಾಂಗ್ಲಾ ಜಗತ್ತಿಗೇ ಮೊದಲು. ಬಟ್ಟೆ ಕಾರ್ಖಾನೆಗಳಲ್ಲಿ ದುಡಿಯೋ ಲಕ್ಷಾಂತರ ಹೆಂಗಸರು, ಹೈಸ್ಕೂಲು ಹುಡುಗಿಯರಿಗೆ 1990ರ ದಶಕದಿಂದ ಕೊಟ್ಟ ವಿದ್ಯಾರ್ಥಿವೇತನ, ಇವು ಆ ದೇಶದ ನಿಜವಾದ ಸಾಧನೆ. ಅದನ್ನ ಕಡಿಮೆ ಮಾಡಿ ಹೇಳಬೇಕಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ಹೆಫಾಜತ್-ಎ-ಇಸ್ಲಾಂ ಸಂಘಟನೆ ಢಾಕಾದಲ್ಲಿ ಭಾರೀ ಸಭೆ ಸೇರಿಸಿ, ಮಹಿಳಾ ಸುಧಾರಣಾ ಆಯೋಗವನ್ನೇ ರದ್ದು ಮಾಡಿ ಅಂತ ಕೂಗಿತು. ಮುಂದಿನ ತಿಂಗಳು 24ನೇ ಸ್ಥಾನದ ಸುದ್ದಿ ಬಂತು. ಬಾಂಗ್ಲಾದ ಹೆಣ್ಣುಮಗಳು ಈ ಎರಡರಲ್ಲಿ ಯಾವುದನ್ನ ನಂಬಬೇಕು?

ನಾವು ನಗಾಡೋ ಹಾಗಿಲ್ಲ. 2016ರಲ್ಲಿ ಭಾರತ ರಾಜಕೀಯ ವಿಭಾಗದಲ್ಲಿ ಜಗತ್ತಿಗೆ 9ನೆಯದಾಗಿತ್ತು. ಆಗ ಲೋಕಸಭೆಯಲ್ಲಿ ಹೆಂಗಸರು ನೂರಕ್ಕೆ ಸುಮಾರು 12. ಅಂಕ ತಂದುಕೊಟ್ಟಿದ್ದು ಮುಖ್ಯವಾಗಿ ಇಂದಿರಾ ಗಾಂಧಿಯವರ ವರ್ಷಗಳು. ಆ 50 ವರ್ಷದ ಕಿಟಕಿ ಪ್ರತಿ ವರ್ಷ ಒಂದೊಂದು ವರ್ಷ ಮುಂದೆ ಜಾರುತ್ತೆ. 1966ರಿಂದ ಶುರುವಾದ ಅವರ ಮೊದಲ ಅವಧಿ ಈಗ ವರ್ಷ ವರ್ಷವೂ ಕಿಟಕಿಯಿಂದಾಚೆ ಬೀಳ್ತಾ ಇದೆ. ಅಂದರೆ ಇವತ್ತು ಯಾರೂ ಏನೂ ಮಾಡದಿದ್ದರೂ ಸ್ಕೋರ್ ಮೇಲೆ ಕೆಳಗೆ ಆಗ್ತಿರುತ್ತೆ.

ಇನ್ನು ಸಂಬಳದ ಕಾಲಮ್. ಆರ್ಥಿಕ ವಿಭಾಗದಲ್ಲಿ ಅತಿ ಹೆಚ್ಚು ತೂಕ, ನೂರಕ್ಕೆ 31ರಷ್ಟು, ಇರೋದು "ಒಂದೇ ಥರದ ಕೆಲಸಕ್ಕೆ ಸಮಾನ ಸಂಬಳ" ಅನ್ನೋದಕ್ಕೆ. ಇದರ ಅಂಕಿ ಬರೋದು ಎಲ್ಲಿಂದ ಗೊತ್ತಾ? ಸಂಬಳದ ಚೀಟಿಗಳಿಂದ ಅಲ್ಲ. ಆಯಾ ದೇಶದ ಕಂಪನಿಗಳ ಮುಖ್ಯ ಅಧಿಕಾರಿಗಳನ್ನ "ನಿಮ್ಮ ದೇಶದಲ್ಲಿ ಹೇಗಿದೆ" ಅಂತ ಕೇಳೋ ಅಭಿಪ್ರಾಯ ಸಮೀಕ್ಷೆಯಿಂದ. ಅಪ್ರೈಸಲ್ ನ್ಯಾಯವಾಗಿ ಆಯ್ತಾ ಅಂತ ಮ್ಯಾನೇಜರ್‌ನನ್ನೇ ಕೇಳಿ ಫಾರ್ಮ್ ತುಂಬಿಸಿಕೊಂಡ ಹಾಗೆ.

ಮೊದಲ ಸ್ಥಾನದವರ ಮುಷ್ಕರ

ಈ ಪಟ್ಟಿಯ ಬಗ್ಗೆ ಅತ್ಯುತ್ತಮ ವಿಮರ್ಶೆ ಬಂದಿದ್ದು ಪಟ್ಟಿಯ ಮೊದಲ ಸ್ಥಾನದಿಂದಲೇ. ಐಸ್‌ಲ್ಯಾಂಡ್ 2025ಕ್ಕೆ ಸತತ 16 ವರ್ಷ ಮೊದಲನೆಯದು. ನೂರಕ್ಕೆ 92.6 ಅಂಕ.

ಆ ದೇಶ ಅಲ್ಲಿಗೆ ಬಂದಿದ್ದು ಸುಮ್ಮನೆ ಅಲ್ಲ. 1975ರ ಅಕ್ಟೋಬರ್ 24ರಂದು ಅಲ್ಲಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 90 ಜನ ಒಂದು ದಿನ ಕೆಲಸ ಬಿಟ್ಟರು. ಕಚೇರಿಯ ಕೆಲಸವನ್ನಷ್ಟೇ ಅಲ್ಲ, ಅಡುಗೆ, ಮಕ್ಕಳು, ಮನೆ ಎಲ್ಲ. ಮೀನಿನ ಕಾರ್ಖಾನೆ, ಶಾಲೆ, ಅಂಗಡಿಗಳು ಮುಚ್ಚಿದವು. ಗಂಡಸರು ಮಕ್ಕಳನ್ನ ಎತ್ತಿಕೊಂಡು ಆಫೀಸಿಗೆ ಹೋದರು. ಬೇಗ ಬೇಯಿಸಬಹುದಾದ ಸಾಸೇಜ್‌ಗಳು ಅಂಗಡಿಗಳಲ್ಲಿ ಖಾಲಿಯಾದವಂತೆ. ಐದು ವರ್ಷಕ್ಕೆ, 1980ರಲ್ಲಿ, ವಿಗ್ದಿಸ್ ಫಿನ್‌ಬೊಗಾದೊತ್ತಿರ್ ಜನರ ಮತದಿಂದ ಆಯ್ಕೆಯಾದ ಜಗತ್ತಿನ ಮೊದಲ ಮಹಿಳಾ ಅಧ್ಯಕ್ಷೆಯಾದರು. 2000ದಲ್ಲಿ ಬಂದ ಕಾನೂನು ಮಗು ಹುಟ್ಟಿದಾಗ ತಾಯಿಗೆ ಮೂರು ತಿಂಗಳು, ತಂದೆಗೆ ಮೂರು ತಿಂಗಳು, ಇಬ್ಬರಲ್ಲಿ ಯಾರಾದರೂ ತಗೋಬಹುದಾದ ಮೂರು ತಿಂಗಳು ರಜೆ ಕೊಟ್ಟಿತು. ತಂದೆಯ ಪಾಲನ್ನ ತಾಯಿಗೆ ದಾಟಿಸೋ ಹಾಗಿರಲಿಲ್ಲ. ಬಳಸಿದರೆ ಬಂತು, ಇಲ್ಲ ಹೋಯ್ತು. 2018ರಲ್ಲಿ ಜಾರಿಗೆ ಬಂದ ಕಾನೂನು, 25 ಅಥವಾ ಹೆಚ್ಚು ಜನ ಕೆಲಸ ಮಾಡೋ ಸಂಸ್ಥೆ ತಾನು ಸಮಾನ ಸಂಬಳ ಕೊಡ್ತೀನಿ ಅಂತ ಪ್ರಮಾಣಪತ್ರ ತಗೋಬೇಕು ಅಂದಿತು. ಹೆಂಗಸರು ಸಾಬೀತು ಮಾಡಬೇಕಿಲ್ಲ, ಕಂಪನಿ ಮಾಡಬೇಕು.

ಇಷ್ಟೆಲ್ಲ ಇರೋ ದೇಶದಲ್ಲಿ 2023ರ ಅಕ್ಟೋಬರ್ 24ರಂದು ಹೆಂಗಸರು ಮತ್ತೆ ಇಡೀ ದಿನದ ಮುಷ್ಕರ ಹೂಡಿದರು. ರೇಕ್ಯವಿಕ್‌ನಲ್ಲಿ ಹತ್ತಾರು ಸಾವಿರ ಜನ ಸೇರಿದರು. ಪ್ರಧಾನಿ ಕತ್ರಿನ್ ಯಾಕಬ್ಸ್‌ದೊತ್ತಿರ್ ಕೂಡ ಅವತ್ತು ಕೆಲಸಕ್ಕೆ ಹೋಗಲಿಲ್ಲ. ಅವರ ಘೋಷಣೆಯ ಅರ್ಥ ಇಷ್ಟೇ: ಇದನ್ನ ಸಮಾನತೆ ಅಂತೀರಾ? ಅವರ ದೂರು ಎರಡು. ಹೆಂಗಸರ ಮೇಲಿನ ಹಿಂಸೆ ನಿಂತಿಲ್ಲ. ಆರೈಕೆಯ ಕೆಲಸಕ್ಕೆ, ಅದು ಮನೆಯಲ್ಲಿರಲಿ ಆಸ್ಪತ್ರೆಯಲ್ಲಿರಲಿ, ಬೆಲೆ ಇಲ್ಲ. ಎರಡೂ ಪಟ್ಟಿಯಲ್ಲಿ ಇಲ್ಲದ ಕಾಲಮ್‌ಗಳು. 90 ಚಿಲ್ಲರೆ ಅಂಕ ತಗೊಂಡವರೇ "ಈ ಪ್ರಶ್ನೆಪತ್ರಿಕೆ ಸರಿ ಇಲ್ಲ" ಅಂತಿದ್ದಾರೆ ಅಂದರೆ ಅದನ್ನ ಸೋತವರ ಸಬೂಬು ಅಂತ ತಳ್ಳಿಹಾಕೋಕೆ ಆಗಲ್ಲ.

ಹಾಗಂತ ಹರಿದು ಎಸೆಯೋದಾ?

ಇಲ್ಲ. "ದಾವೋಸ್ ಪಟ್ಟಿ, ಬಿಡ್ರೀ" ಅನ್ನೋರಿಗೆ ನಾನು ಆಹಾರ ಒದಗಿಸ್ತಿಲ್ಲ. ಭಾರತವನ್ನ ಕೆಳಗೆ ಎಳೆಯೋ ಕಾಲಮ್‌ಗಳಲ್ಲಿ ಒಂದು ಹುಟ್ಟುವಾಗಿನ ಗಂಡು-ಹೆಣ್ಣು ಅನುಪಾತ. ಪ್ರಕೃತಿಯ ಲೆಕ್ಕದಲ್ಲೂ ಗಂಡುಮಕ್ಕಳು ಸ್ವಲ್ಪ ಹೆಚ್ಚೇ ಹುಟ್ಟುತ್ತವೆ. ವರದಿ ಅದನ್ನ ಗಮನಿಸಿ ಸಾವಿರ ಗಂಡಿಗೆ 944 ಹೆಣ್ಣು ಇದ್ದರೆ ಪೂರ್ತಿ ಅಂಕ ಅನ್ನುತ್ತೆ. 2016ರಲ್ಲಿ ಆರೋಗ್ಯ ವಿಭಾಗದಲ್ಲಿ 144 ದೇಶಗಳ ಪೈಕಿ ನಮ್ಮದು 142ನೇ ಸ್ಥಾನ. ಈ ಕಾಲಮ್ ಸುಳ್ಳು ಹೇಳ್ತಿಲ್ಲ. ಭ್ರೂಣದ ಲಿಂಗ ಪತ್ತೆ ಮಾಡೋದು ಅಪರಾಧ ಅಂತ 1994ರಲ್ಲೇ ಕಾನೂನು ಬಂದಿದೆ. ಆದರೂ 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಹೆಣ್ಣುಭ್ರೂಣ ಹತ್ಯೆಯ ಜಾಲವೊಂದನ್ನ ಹಿಡಿದಾಗ, ಸ್ಕ್ಯಾನಿಂಗ್ ನಡೀತಿದ್ದ ಜಾಗ ಮಂಡ್ಯದ ಒಂದು ಆಲೆಮನೆ. ಪೊಲೀಸರ ಪ್ರಕಾರ ಮೂರು ವರ್ಷದಲ್ಲಿ ಸುಮಾರು 900 ಗರ್ಭಪಾತ. ಬೆಲ್ಲ ಬೇಯೋ ಜಾಗದಲ್ಲಿ ಸ್ಕ್ಯಾನಿಂಗ್ ಮೆಷಿನ್.

ಈಗ ಗಾಲ್ವೆ ಮತ್ತು ಮಂಡ್ಯವನ್ನ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕಡೆ ಗರ್ಭಪಾತ ಬೇಕು ಅಂದವಳಿಗೆ ಇಲ್ಲ ಅಂದರು. ಇನ್ನೊಂದು ಕಡೆ ಹೆಣ್ಣು ಅಂತ ಗೊತ್ತಾದ ಕೂಡಲೇ ಗರ್ಭಪಾತಕ್ಕೆ ಕಳಿಸಿದರು. ಹೊರಗಿನಿಂದ ತದ್ವಿರುದ್ಧ. ಒಳಗೆ ಒಂದೇ ಪ್ರಶ್ನೆ: ನಿರ್ಧಾರ ಯಾರದ್ದು? ಒಂದು ಕಡೆ ಸಂವಿಧಾನದ್ದು, ಇನ್ನೊಂದು ಕಡೆ ಗಂಡುಮಗು ಬೇಕೇ ಬೇಕು ಅನ್ನೋ ಮನೆತನದ್ದು. ಎರಡನೆಯದು ಪಟ್ಟಿಗೆ ಕಾಣುತ್ತೆ, ಯಾಕಂದ್ರೆ ಅದು ಜನನದ ಅಂಕಿಯಲ್ಲಿ ಗುರುತು ಬಿಡುತ್ತೆ. ಮೊದಲನೆಯದು ಕಾಣಲ್ಲ.

ಕುರ್ಚಿ ಸಿಕ್ಕಿದ ಮಾತ್ರಕ್ಕೆ ಮಾತು ನಡೆಯಲ್ಲ ಅನ್ನೋದನ್ನ ಹಳ್ಳಿಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಕರ್ನಾಟಕದ ಪಂಚಾಯಿತಿಗಳಲ್ಲಿ 2010ರಿಂದ ಹೆಂಗಸರಿಗೆ ಶೇ 50 ಮೀಸಲಾತಿ ಇದೆ. ಇಡೀ ದೇಶದಲ್ಲಿ ಪಂಚಾಯಿತಿಗಳಿಗೆ ಆಯ್ಕೆಯಾದ ಹೆಂಗಸರು 14 ಲಕ್ಷದ ಮೇಲಿದ್ದಾರೆ. ಈ 14 ಸೂಚಕಗಳಲ್ಲಿ ಅವರಿಗೆ ಜಾಗ ಇಲ್ಲ, ಅದು ಪಟ್ಟಿಯ ದೊಡ್ಡ ಕೊರತೆ. ಇನ್ನೊಂದು ಬದಿಯೂ ನಮಗೆ ಗೊತ್ತು. ಅಧ್ಯಕ್ಷೆ ಸಹಿ ಹಾಕ್ತಾಳೆ, ಅಧ್ಯಕ್ಷೆಯ ಗಂಡ ಪಕ್ಕದ ಕುರ್ಚಿಯಲ್ಲಿ ಕೂತು ಬಿಲ್ಲು ನೋಡ್ತಾನೆ. ಊರಿನವರು ಅವನನ್ನೇ "ಅಧ್ಯಕ್ಷರೇ" ಅಂತ ಕರೀತಾರೆ. ಹಾಗಂತ ಮೀಸಲಾತಿ ದಂಡ ಅನ್ನೋದೂ ತಪ್ಪು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ದುಫ್ಲೋ ಪಶ್ಚಿಮ ಬಂಗಾಳ, ರಾಜಸ್ಥಾನಗಳಲ್ಲಿ ಮಾಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಂಗಸರಿಗೆ ಮೀಸಲಾದ ಪಂಚಾಯಿತಿಗಳು ಹೆಂಗಸರು ಹೆಚ್ಚು ಕೇಳೋ ಕುಡಿಯುವ ನೀರಿನಂಥ ಕೆಲಸಕ್ಕೆ ಹೆಚ್ಚು ಖರ್ಚು ಮಾಡಿದ್ದು ಕಂಡುಬಂತು. ಕುರ್ಚಿ ಬೇಕು. ಕುರ್ಚಿಯನ್ನಷ್ಟೇ ಎಣಿಸಿ ಎದ್ದು ಹೋಗಬಾರದು.

ಯಾರ ಮಾತು ನಡೆಯುತ್ತೆ ಅನ್ನೋದನ್ನ ಅಳೆಯೋಕೆ ಆಗಲ್ಲ ಅನ್ನೋ ಹಾಗೂ ಇಲ್ಲ. ಅಳೆದಿದ್ದೀವಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರನ್ನ ಕೇಳಿತು: ಮಾರುಕಟ್ಟೆಗೆ, ಆಸ್ಪತ್ರೆಗೆ, ಊರಾಚೆಗೆ ಒಬ್ಬಳೇ ಹೋಗೋಕೆ ಬಿಡ್ತಾರಾ? ಮೂರಕ್ಕೂ ಹೌದು ಅಂದವರು ಶೇ 42. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೇ ಕೊಡ್ತಾರೆ, ಗಂಡಸರು 88 ನಿಮಿಷ. ಆ 88 ಕೂಡ ಮನೆಗೆಲಸ ಮಾಡೋ ಗಂಡಸರ ಸರಾಸರಿ, ಅಂಥವರು ನೂರಕ್ಕೆ 27 ಜನ ಮಾತ್ರ. ನಮ್ಮ ದುಡಿಮೆಯ ಅಂಕಿಗೂ ಇದೇ ಕನ್ನಡಕ ಬೇಕು. ದುಡಿಮೆಯಲ್ಲಿ ತೊಡಗಿರೋ ಹೆಂಗಸರ ಪ್ರಮಾಣ 2017-18ರಲ್ಲಿ ಶೇ 23.3 ಇದ್ದದ್ದು 2023-24ರಲ್ಲಿ ಶೇ 41.7 ಆಯ್ತು. ಕೇಳೋಕೆ ಭರ್ಜರಿ. ಆದರೆ ಈ ಏರಿಕೆಯಲ್ಲಿ ದೊಡ್ಡ ಪಾಲು ಹಳ್ಳಿಗಳದ್ದು, ಸ್ವಂತ ಹೊಲ ಅಥವಾ ಮನೆಯ ಕಸುಬಿನಲ್ಲಿ ದುಡಿಯೋರದ್ದು. ಅವರಲ್ಲಿ ಎಷ್ಟೋ ಜನರ ಕೈಗೆ ಕಾಸೇ ಬರಲ್ಲ. ಅಂಕಿ ಏರಿದೆ, ಪರ್ಸು ಯಾರ ಕೈಯಲ್ಲಿದೆ ಅನ್ನೋದನ್ನ ಅದು ಹೇಳಲ್ಲ. ಜೂನ್ 2023ರಿಂದ ಕರ್ನಾಟಕದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂದಾಗ ವಾಟ್ಸಾಪ್ ತುಂಬ ಜೋಕುಗಳು ಬಂದವಲ್ಲ, ಆ ಜೋಕು ಫಾರ್ವರ್ಡ್ ಮಾಡಿದವರು ಆ ಶೇ 42 ಅನ್ನೋ ಅಂಕಿಯನ್ನ ಒಮ್ಮೆ ನೋಡಬೇಕು. ಯಾರ ಹತ್ತಿರಾನೂ ಬಸ್ ಚಾರ್ಜು ಕೇಳದೆ ಊರಾಚೆ ಹೋಗೋದು ಸಣ್ಣ ವಿಷಯ ಅಲ್ಲ.

ವರದಿ ಪ್ರತಿ ವರ್ಷ ಒಂದು ಭವಿಷ್ಯವನ್ನೂ ಹೇಳುತ್ತೆ, ಅಂತರ ಪೂರ್ತಿ ಮುಚ್ಚೋಕೆ ಎಷ್ಟು ವರ್ಷ ಬೇಕು ಅಂತ. 2020ರಲ್ಲಿ 99.5 ವರ್ಷ ಅಂದಿತ್ತು, 2021ರಲ್ಲಿ 135.6, 2025ರಲ್ಲಿ 123. ಇಲ್ಲಿಯವರೆಗಿನ ವೇಗದಲ್ಲೇ ಹೋದರೆ ಅನ್ನೋ ಲೆಕ್ಕ ಅದು. ಐರ್ಲೆಂಡ್ ಆ ವೇಗದಲ್ಲಿ ಹೋಗಲಿಲ್ಲ, ಒಂದು ಶುಕ್ರವಾರ ಓಟು ಹಾಕಿ ಬದಲಾಯಿಸಿತು. ಅಫ್ಘಾನಿಸ್ತಾನವೂ ಆ ವೇಗದಲ್ಲಿ ಹೋಗಲಿಲ್ಲ, ಕೆಲವೇ ತಿಂಗಳಲ್ಲಿ ಇಪ್ಪತ್ತು ವರ್ಷ ಕಳಕೊಂಡಿತು.

ಮುಂದಿನ ಜೂನ್‌ನಲ್ಲಿ ಮತ್ತೆ ಸುದ್ದಿ ಬರುತ್ತೆ. ನಾವು ಎರಡು ಸ್ಥಾನ ಮೇಲೆ ಹೋಗಿರಬಹುದು, ಕೆಳಗೆ ಬಂದಿರಬಹುದು. ಶೇರ್ ಮಾಡೋಕೆ ಮುಂಚೆ ಯಾವ ಕಾಲಮ್ ಬದಲಾಯ್ತು ಅಂತ ಒಂದು ಸಲ ನೋಡಿ. ನಮ್ಮ ಆಫೀಸುಗಳ ಡೈವರ್ಸಿಟಿ ಸ್ಲೈಡ್‌ಗೂ ಅದನ್ನೇ ಕೇಳಬಹುದು. ಟೀಮಿನಲ್ಲಿ ಎಷ್ಟು ಹೆಂಗಸರಿದ್ದಾರೆ ಅಂತ ಅದರಲ್ಲಿ ಇದ್ದೇ ಇರುತ್ತೆ. ಸಂಜೆ ಏಳಕ್ಕೆ ಮೀಟಿಂಗ್ ಇಟ್ಟಾಗ "ಆಗಲ್ಲ" ಅಂದವಳ ಅಪ್ರೈಸಲ್ ಏನಾಯ್ತು ಅಂತ ಇರಲ್ಲ. ಅದನ್ನ ಕೇಳೋಕೆ ದಾವೋಸ್‌ವರೆಗೆ ಹೋಗಬೇಕಿಲ್ಲ, ಮುಂದಿನ ಟೌನ್‌ಹಾಲ್‌ನಲ್ಲಿ ಕೈ ಎತ್ತಿದರೆ ಸಾಕು.